ಅಜ್ಜನ ಪಿಸ್ತೂಲಿನೊಳಗೆ ಇದ್ದದ್ದು

ನಾನಾಗ ತೀರ ಚಿಕ್ಕವಳು. ಮುಂದಿನ ಹಲ್ಲು ಬಿದ್ದು, ಮಾತಾಡಿದರೆ ಸುಯ್ಯೆಂದು ಗಾಳಿ ಹೋಗುವ ವಯಸ್ಸು. ನಮ್ಮ ಮನೆ ಸದಾಶಿವಗಡದಲ್ಲಿ, ಕೋಟೆಗುಡ್ಡದ ಬುಡದಲ್ಲಿತ್ತು. ಅಂಗಳದಲ್ಲಿ ನಿಂತರೆ ಕಾಳಿ ನದಿ ಸಮುದ್ರ ಸೇರುವುದು ಕಾಣುತ್ತಿತ್ತು. ಅಪ್ಪ ಮತ್ತು ದೊಡ್ಡಪ್ಪ ಒಂದೇ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದರು. ಮನೆಯೆಲ್ಲ ಬಲೆಯ ವಾಸನೆ, ಒಣಮೀನಿನ ವಾಸನೆ. ಅದರಲ್ಲೇ ನಾವು ಆಡಿ, ಉಂಡು, ಮಲಗಿ ಬೆಳೆದವರು.

ಆ ಮನೆಯಲ್ಲಿ ಒಂದು ಪಿಸ್ತೂಲಿತ್ತು. ಹೌದು ಮಕ್ಕಳೇ, ನಿಜವಾದ ಪಿಸ್ತೂಲು. ಎತ್ತಲು ನನಗೆ ಎರಡೂ ಕೈ ಬೇಕಾಗುವಷ್ಟು ಭಾರ. ಮರದ ಹಿಡಿಕೆ, ಹಿಡಿಕೆಯ ತುದಿಗೆ ಹಿತ್ತಾಳೆಯ ಕಟ್ಟು, ಅದಕ್ಕೊಂದು ಕಬ್ಬಿಣದ ಬಳೆ. ಅಜ್ಜನ ಅಜ್ಜ ಮೇಲಿನ ಕೋಟೆಯಲ್ಲಿ ಸಿಪಾಯಿಯಾಗಿದ್ದನಂತೆ, ಅದು ಅವನದಂತೆ. ಅಷ್ಟನ್ನು ಅಜ್ಜ ಹೇಳುತ್ತಿದ್ದ. ಅದಕ್ಕಿಂತ ಹೆಚ್ಚು ಅವನಿಗೂ ಗೊತ್ತಿರಲಿಲ್ಲ.

ಅಜ್ಜನಿಗೆ ಮಕ್ಕಳೆಂದರೆ ಜೀವ. ದೀಪಾವಳಿ ಬಂತೆಂದರೆ ಪೇಟೆಯಿಂದ ಕೇಪು ತರುತ್ತಿದ್ದ. ಕೆಂಪು ಕಾಗದದ ಮೇಲೆ ಚುಕ್ಕಿಯಷ್ಟು ಮದ್ದು ಇರುತ್ತದಲ್ಲ, ಅದೇ ಕೇಪು. ಅದನ್ನು ಆ ಪಿಸ್ತೂಲಿನ ಹಿಂಬದಿಯ ಪುಟ್ಟ ಸುತ್ತಿಗೆಯ ಕೆಳಗಿಟ್ಟು, ಒಂದು ಕಣ್ಣು ಮುಚ್ಚಿ, ನಮಗೆ ಗುರಿ ಹಿಡಿಯುತ್ತಿದ್ದ. ಅಕ್ಕ, ನಾನು, ದೊಡ್ಡಪ್ಪನ ಮಗ, ಮೂವರೂ ಸಾಲಾಗಿ ಗೋಡೆಗೆ ಒರಗಿ ನಿಲ್ಲುತ್ತಿದ್ದೆವು. ಟಪ್ ಎಂದು ಸದ್ದು, ಒಂದಿಷ್ಟು ಹೊಗೆ, ಗಂಧಕದ ಖಾರ ವಾಸನೆ. ನಾವು ಎದೆ ಹಿಡಿದು ಅಂಗಳದಲ್ಲಿ ಉರುಳಿ ಸತ್ತಂತೆ ಬೀಳುತ್ತಿದ್ದೆವು. ಆಯಿ, ಅಂದರೆ ನಮ್ಮ ಅಮ್ಮ, ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದಳು. "ಇನ್ನೊಂದ್ಸಲ, ಅಜ್ಜಾ, ಇನ್ನೊಂದ್ಸಲ!" ಎಂದು ನಾವೇ ಕಾಡುತ್ತಿದ್ದೆವು.

ಆ ವರ್ಷದ ಮಳೆಗಾಲದಲ್ಲಿ ಅಜ್ಜ ತೀರಿಕೊಂಡ. ಅಪ್ಪ ಮತ್ತು ದೊಡ್ಡಪ್ಪ ಇಬ್ಬರೂ ಮನೆ, ದೋಣಿಯ ಪಾಲು, ಬಲೆ ಎಲ್ಲವನ್ನೂ ಒಂದು ಮಾತಿಲ್ಲದೆ ಹಂಚಿಕೊಂಡರು. ಪಿಸ್ತೂಲಿನ ಹತ್ತಿರ ಬಂದಾಗ ಮಾತ್ರ ಇಬ್ಬರಿಗೂ ಅದು ಬೇಕಾಯಿತು. ಹಿರಿಯ ಮಗನಿಗೆ ಸೇರಬೇಕು ಎಂದು ದೊಡ್ಡಪ್ಪ. ಅಜ್ಜನನ್ನು ಕೊನೆಯವರೆಗೆ ನೋಡಿಕೊಂಡವನು ನಾನು ಎಂದು ಅಪ್ಪ. ಚೌತಿಯ ಹೊತ್ತಿಗೆ ಇಬ್ಬರೂ ಒಂದೇ ದೋಣಿಯಲ್ಲಿ ಕೂತು ಒಬ್ಬರಿಂದೊಬ್ಬರು ಮುಖ ತಿರುಗಿಸಿಕೊಳ್ಳುವಂತಾಗಿತ್ತು.

ಆಯಿಯೇ ಒಂದು ದಾರಿ ಹುಡುಕಿದಳು. ಅವಳ ಅಣ್ಣ, ಅಂದರೆ ನಮ್ಮ ಸೋದರಮಾವ, ಫೌಜಿನಲ್ಲಿ ಬಂದೂಕು ರಿಪೇರಿ ಮಾಡುವ ಕೆಲಸದಲ್ಲಿದ್ದ. ಚೌತಿಗೆಂದು ರಜೆ ಹಾಕಿ ಅಂಕೋಲೆ ಕಡೆಯ ಹಟ್ಟಿಕೇರಿಗೆ ಬಂದಿದ್ದ. ಅವನು ನೋಡಿ ಬೆಲೆ ಹೇಳಲಿ, ಒಬ್ಬರು ಇಟ್ಟುಕೊಂಡು ಇನ್ನೊಬ್ಬರಿಗೆ ಅದಕ್ಕೆ ಸರಿಯಾದದ್ದು ಏನಾದರೂ ಕೊಡಲಿ ಎಂದಳು. ಇಬ್ಬರೂ ಒಪ್ಪಿದರು.

ಗಣಪತಿ ಮುಳುಗಿಸಿದ ಮರುದಿನ ಮಾವ ಬಂದ. ಆಗ ಕಾಳಿಗೆ ಸೇತುವೆ ಇರಲಿಲ್ಲ, ದೋಣಿಯಲ್ಲೇ ದಾಟಿ ಬರಬೇಕು. ಅವನ ಪ್ಯಾಂಟಿನ ಅಂಚು ಒದ್ದೆಯಾಗಿತ್ತು. ಆಯಿ ಬಂಗಡೆ ಮೀನು ಹುರಿಯುತ್ತಿದ್ದಳು. ಮಾವ ಜಗಲಿಯಲ್ಲಿ ಚಾಪೆ ಹಾಸಿ ಕೂತು, ಪಿಸ್ತೂಲನ್ನು ತೊಡೆಯ ಮೇಲಿಟ್ಟುಕೊಂಡ. ಎಲ್ಲರೂ ಸುತ್ತ ಕೂತೆವು.

"ಇದು ಕುದುರೆ ಸವಾರರದ್ದು," ಎಂದ ಮಾವ. "ಈ ಬಳೆ ಎಂತಕ್ಕೆ ಗೊತ್ತದ್ಯಾ? ಹಗ್ಗ ಕಟ್ಟೂಕೆ. ಓಡೋ ಕುದುರೆ ಮೇಲೆ ಕೈ ಜಾರಿದ್ರೂ ಪಿಸ್ತೂಲು ಕಳೀಬಾರ್ದು."

ಆಮೇಲೆ ಪಕ್ಕದ ಕಬ್ಬಿಣದ ಪಟ್ಟಿಯನ್ನು ಬೆಳಕಿಗೆ ಹಿಡಿದು, ಬಟ್ಟೆಯಿಂದ ಒರಸಿ, ಹೆಬ್ಬೆರಳಿನಿಂದ ಸವರಿದ. ಅಲ್ಲಿ ಮಸುಕಾಗಿ ಒಂದು ಕಿರೀಟ ಕಂಡಿತು. ಇಷ್ಟು ವರ್ಷ ನಾವು ಅದನ್ನು ಹೂವೆಂದುಕೊಂಡಿದ್ದೆವು.

"ಇಂಗ್ಲಿಷರ ಸರಕಾರದ ಮುದ್ರೆ ಇದು."

ದೊಡ್ಡಪ್ಪನ ಮುಖ ಸಪ್ಪಗಾಯಿತು. "ಹಂಗಾರೆ ನಮ್ಮ ಹಿರಿಯ ಇಂಗ್ಲಿಷರ ಚಾಕರಿ ಮಾಡಿದ್ನಾ?"

"ಮಾಡಿರಬಹುದು, ದೊಡ್ಡ ಭಾವ. ಅವರ ಕೈಯಿಂದ ಕಸ್ಕೊಂಡೂ ಇರಬಹುದು. ಕಬ್ಬಿಣ ಅದನ್ನೆಲ್ಲ ಹೇಳೂದಿಲ್ಲ."

"ಬೆಲೆ ಎಷ್ಟಾಗ್ತದೆ, ಅದನ್ನ ಹೇಳು," ಎಂದ ಅಪ್ಪ.

ಮಾವ ಒಳಗೆ ತಿರುಗಿ ಆಯಿಗೆ ಕೂಗಿದ: "ತಂಗಿ, ಇದನ್ನ ಹುಣಸೆಹಣ್ಣು ಹಾಕಿ ತಿಕ್ಕಿದವರು ಯಾರು? ನೀನಾ? ಅರ್ಧ ಬೆಲೆ ತೊಳೆದೇ ಹೋಗ್ಯದೆ ಮಾರಾಯ್ತಿ. ಹಳೇ ಸಾಮಾನು ಕಪ್ಪಾಗಿದ್ರೇನೇ ಬೆಲೆ!" ಆಯಿ ನಾಲಿಗೆ ಕಚ್ಚಿಕೊಂಡಳು. ಎಲ್ಲರೂ ನಕ್ಕರು. ಎಷ್ಟೋ ದಿನಗಳ ಮೇಲೆ ಅಪ್ಪ, ದೊಡ್ಡಪ್ಪ ಒಟ್ಟಿಗೆ ನಕ್ಕದ್ದು ಅವತ್ತೇ. ಆ ಮನೆಯಲ್ಲಿ ಪಿಸ್ತೂಲು ನೋಡಿ ನಕ್ಕದ್ದು ಅದೇ ಕೊನೆ.

"ನಳಿಗೆ ಒಳಗೆ ಹೆಂಗದೆ ನೋಡ್ವಾ," ಎಂದು ಮಾವ ಬಿದಿರಿನ ಸಪೂರ ಕಡ್ಡಿಯೊಂದನ್ನು ಕೇಳಿದ. ಅಕ್ಕ ಓಡಿಹೋಗಿ ತಂದಳು. ಮಾವ ಮೊದಲು ಕಡ್ಡಿಯನ್ನು ನಳಿಗೆಯ ಹೊರಗಡೆ ಹಿಡಿದು, ಅದರ ಉದ್ದಕ್ಕೆ ಉಗುರಿನಿಂದ ಗುರುತು ಮಾಡಿದ. ಬಳಿಕ ನಳಿಗೆಯ ಬಾಯಿಯಿಂದ ಒಳಗೆ ಇಳಿಸಿದ. ಗುರುತಿನವರೆಗೆ ಹೋಗಬೇಕಾಗಿದ್ದ ಕಡ್ಡಿ ಅದಕ್ಕಿಂತ ಬಹಳ ಮೊದಲೇ ನಿಂತುಬಿಟ್ಟಿತು. ಇನ್ನೊಮ್ಮೆ ಇಳಿಸಿದ. ಮತ್ತೆ ಅಲ್ಲೇ ನಿಂತಿತು.

ಮಾವ ಕಡ್ಡಿಯನ್ನು ಹೊರಗೆಳೆದು ಕೆಳಗಿಟ್ಟ. ಪಿಸ್ತೂಲಿನ ಬಾಯಿಯನ್ನು ಮೆಲ್ಲಗೆ ನಮ್ಮಿಂದ ಆಚೆಗೆ, ಅಂಗಳದಾಚೆಯ ಮಣ್ಣಿನ ದಿಬ್ಬದ ಕಡೆಗೆ ತಿರುಗಿಸಿದ.

"ಭಾವ," ಎಂದ, ಪಿಸುಮಾತಿನಲ್ಲಿ. "ಮಕ್ಕಳನ್ನ ಹಿತ್ತಲಿಗೆ ಕಳಸು. ಒಲೆ ಆರಿಸೂಕೆ ಹೇಳು. ಇದರೊಳಗೆ ಗುಂಡು ಅದೆ."

ದೊಡ್ಡಪ್ಪ ನಗಲು ಹೋದ. "ಎಂತ ಹೇಳ್ತೀಯೋ! ಯಾವ ಕಾಲದ್ದು ಅದು. ಇದ್ದರೂ ಮದ್ದು ಸತ್ತೇ ಹೋಗಿರ್ತದೆ."

"ಕರಿಮದ್ದು ಹಾಗೆಲ್ಲ ಸಾಯೂದಿಲ್ಲ, ದೊಡ್ಡ ಭಾವ. ಒಣಗೇ ಇದ್ದರೆ ನೂರು ವರ್ಷಕ್ಕೂ ಹೊತ್ಕೊಳ್ತದೆ."

ಒಲೆಯ ಮೇಲೆ ಬಂಗಡೆ ಕರಕಲಾಗುವ ವಾಸನೆ ಬಂತು. ಆಯಿ ಬಾಗಿಲಲ್ಲೇ ಇದ್ದಳು, ಕೈಯಲ್ಲಿ ಸಟ್ಟುಗ ಹಿಡಿದುಕೊಂಡು. ಅವಳು ಒಲೆಯ ಕಡೆ ಹೋಗಲಿಲ್ಲ. ನನ್ನನ್ನೂ ಅಕ್ಕನನ್ನೂ ಎಳೆದುಕೊಂಡು, ನಮ್ಮ ಎದೆಯನ್ನು, ಹಣೆಯನ್ನು, ತಲೆಯನ್ನು ಸವರಿದಳು, ಎಲ್ಲೋ ಗಾಯವಾಗಿದೆ ಎಂಬ ಹಾಗೆ.

"ಇವರಜ್ಜ ಕೇಪು ಹಾಕಿ ಹೊಡೀತಿದ್ರಲ್ಲ, ಅಣ್ಣಾ," ಎಂದಳು. "ವರ್ಷಾ ವರ್ಷಾ. ಈ ಮಕ್ಕಳನ್ನ ಗೋಡೆಗೆ ನಿಲ್ಲಿಸಿ."

ಮಾವ ಅವಳನ್ನೇ ನೋಡಿದ. ಆಮೇಲೆ ಒಂದು ಕೊಡಪಾನ ನೀರು ತರಿಸಿದ.

ನಮ್ಮನ್ನು ಹಿತ್ತಲಿಗೆ ಅಟ್ಟಿದರು. ಮಾವ ನಳಿಗೆಗೆ ನೀರು ತುಂಬಿ, ಪಿಸ್ತೂಲನ್ನು ನೆಟ್ಟಗೆ ಕೊಡಪಾನದಲ್ಲಿ ನಿಲ್ಲಿಸಿದ. ಮಧ್ಯಾಹ್ನದವರೆಗೆ ಯಾರೂ ಉಣ್ಣಲಿಲ್ಲ. ಆಮೇಲೆ ಕಡ್ಡಿಯ ತುದಿಗೆ ಸ್ಕ್ರೂ ಕಟ್ಟಿ, ಸ್ವಲ್ಪ ಸ್ವಲ್ಪವೇ ತಿರುಗಿಸಿ, ಎಳೆದ. ಮೊದಲು ಕೊಳೆತ ಬಟ್ಟೆಯ ಚೂರು ಬಂತು. ನಂತರ ಠಣ್ಣೆಂದು ಹಿತ್ತಾಳೆ ತಟ್ಟೆಗೆ ಏನೋ ಬಿತ್ತು. ನಾವು ಬಾಗಿಲ ಸಂದಿನಿಂದ ನೋಡುತ್ತಿದ್ದೆವು. ಆಟದ ಗೋಲಿಗಿಂತ ಕೊಂಚ ದೊಡ್ಡದಾದ ಬೂದುಬಣ್ಣದ ಸೀಸದ ಗುಂಡು. ಹಿಂದೆಯೇ ಕಪ್ಪು ಕೆಸರಿನಂತೆ ಮದ್ದು ಸುರಿಯಿತು.

ಸುತ್ತಿಗೆಯ ಕೆಳಗೆ, ಕೇಪಿನ ಬೆಂಕಿ ಒಳಗಿನ ಮದ್ದಿಗೆ ಇಳಿಯುವ ಸೂಜಿಯಷ್ಟು ತೂತಿತ್ತು. ಅಜ್ಜ ವರ್ಷ ವರ್ಷ ಆಯುಧ ಪೂಜೆಗೆ ತೆಂಗಿನೆಣ್ಣೆ ಬಳಿದು ಬಳಿದು ಅದು ಜಿಡ್ಡು ಕಟ್ಟಿ, ತುಕ್ಕು ಸೇರಿ, ಗಟ್ಟಿಯಾಗಿ ಮುಚ್ಚಿಹೋಗಿತ್ತು. ಮಾವ ಸೂಜಿಯಿಂದ ಚುಚ್ಚಿ ಅದನ್ನು ತೋರಿಸಿದ. "ಇಷ್ಟೇ," ಎಂದ. "ನಿಮ್ಮ ಮಕ್ಕಳಿಗೂ ಈ ಗುಂಡಿಗೂ ನಡುವೆ ಇದ್ದದ್ದು ಇಷ್ಟೇ ಜಿಡ್ಡು."

ಅಕ್ಕ ಹಿತ್ತಲ ತೆಂಗಿನ ಬುಡಕ್ಕೆ ಹೋಗಿ ವಾಂತಿ ಮಾಡಿಕೊಂಡಳು. ದೊಡ್ಡಪ್ಪ ಜಗಲಿಯ ಕಂಬಕ್ಕೆ ಆತು ಕೂತಿದ್ದ. ಅವನಷ್ಟು ದೊಡ್ಡ ಗಂಡಸು ಅಳುವುದನ್ನು ನಾನು ಕಂಡಿರಲಿಲ್ಲ. "ಅಪ್ಪ ನನ್ನ ಮಗನ ಹಣೆಗೇ ಇಟ್ಟಿದ್ದ," ಎಂದು ಅಜ್ಜನನ್ನು ನೆನೆದು ಹೇಳುತ್ತಿದ್ದ. "ನಾನೇ ಪಕ್ಕದಲ್ಲಿ ನಿಂತಿದ್ದೆ. ನಾನೂ ನಕ್ಕಿದ್ದೆ." ಅಪ್ಪ ಹೋಗಿ ಅವನ ಪಕ್ಕದಲ್ಲಿ ಕೂತ. ಹೆಗಲ ಮೇಲೆ ಕೈ ಹಾಕಿದ.

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅಜ್ಜನ ಮುಚ್ಚಿದ ಒಂದು ಕಣ್ಣು, ತೆರೆದ ಕಣ್ಣಿನ ತುಂಬ ಇದ್ದ ನಗು, ಅವುಗಳ ಮುಂದೆ ಆ ಕಪ್ಪು ತೂತು ನೆನಪಾದವು. ನಮ್ಮನ್ನು ಅಷ್ಟು ಪ್ರೀತಿಸುತ್ತಿದ್ದ ಕೈಯೇ ಅದನ್ನು ಹಿಡಿದಿತ್ತು. ಅಜ್ಜನಿಗೆ ಗೊತ್ತಿರಲಿಲ್ಲ, ಪಾಪ. ಹಾಗೆಂದು ಎಷ್ಟು ಹೇಳಿಕೊಂಡರೂ ಅವತ್ತು ಆ ತೂತು ಕಣ್ಣ ಮುಂದಿನಿಂದ ಹೋಗಲಿಲ್ಲ. ಅಜ್ಜನ ಮೇಲೆ ಸಿಟ್ಟು ಬಂತು, ಅಜ್ಜ ಬೇಕೆಂದು ಅಳುವೂ ಬಂತು. ಎರಡೂ ಒಟ್ಟಿಗೆ ಬರಬಹುದೆಂದು ನನಗೆ ಮೊದಲು ತಿಳಿದದ್ದು ಆ ದಿನವೇ.

ಸಂಜೆಗೆ ಮುಂಚೆ ಅಪ್ಪ, ದೊಡ್ಡಪ್ಪ, ಮಾವ ಮೂವರೂ ದೋಣಿ ಏರಿದರು. ಗುಂಡನ್ನು ದೊಡ್ಡಪ್ಪ ಕಾಳಿಯ ಬಾಯಲ್ಲಿ, ನೀರು ಆಳವಿರುವಲ್ಲಿ ಬಿಟ್ಟ. ಪಿಸ್ತೂಲನ್ನು ಕಾರವಾರಕ್ಕೆ ಒಯ್ದು ಪೊಲೀಸರಿಗೆ ಒಪ್ಪಿಸಿದರು. ಬೆಲೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಮೀನಿಗೆ ಹೋದರು, ಮಾತಾಡುತ್ತ ಹೋದರು.

ಮಕ್ಕಳೇ, ಆಗ ಹಿರಿಯರು ಕೈಗೆತ್ತಿಕೊಂಡ ವಸ್ತುವನ್ನು ನಾವು ಅನುಮಾನಿಸುತ್ತಿರಲಿಲ್ಲ. ಹಳೆಯದೆಂದರೆ ಪೂಜೆ, ಅಷ್ಟೇ. ನೀವು ಹಾಗಲ್ಲ. ಔಷಧಿ ಬಾಟಲಿಯ ಮೇಲಿನ ಚಿಕ್ಕ ಅಕ್ಷರವನ್ನೂ ಓದುತ್ತೀರಿ, ನಾನು ಸ್ವಿಚ್ ಮುಟ್ಟಿದರೆ "ಅಜ್ಜಿ, ಕೈ ಒದ್ದೆ ಇದೆಯಾ?" ಎನ್ನುತ್ತೀರಿ. ಕೆಲವೊಮ್ಮೆ ನನಗೆ ಸಿಟ್ಟೂ ಬರುತ್ತದೆ.

ಆದರೆ ಮೊನ್ನೆ ಅರ್ಗಾದ ನೌಕಾನೆಲೆಯಲ್ಲಿ ಜನರಿಗೆ ಹಡಗು ತೋರಿಸಿದ ದಿನ ನಾವೆಲ್ಲ ಹೋಗಿದ್ದೆವಲ್ಲ. ಬಿಳಿ ಉಡುಪಿನ ಆ ಹುಡುಗ ತೋಪು ತೋರಿಸಿ, "ಹತ್ತಿರ ಬಾ, ಮುಟ್ಟಿ ನೋಡು" ಎಂದು ಕರೆದ. ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಹೆಜ್ಜೆ ಇಡುವ ಮೊದಲು ಅವನ ಮುಖ ನೋಡಿ, "ಈಗ ಇದರೊಳಗೆ ಗುಂಡು ಇದೆಯಾ?" ಎಂದು ಕೇಳಿದಳು. ಸುತ್ತ ಇದ್ದವರು ನಕ್ಕರು. ನಾನು ಪಕ್ಕದ ಕಬ್ಬಿಣದ ಸರಳನ್ನು ಹಿಡಿದುಕೊಂಡು ನಿಂತೆ, ಯಾಕೆಂದು ನೀವು ಕೇಳಿದಿರಿ, ನಾನು ಆಗ ಹೇಳಲಿಲ್ಲ. ನಮ್ಮ ಮನೆಯಲ್ಲಿ ಅಷ್ಟು ತಲೆಮಾರು ಬಾಳಿದ ಜನರಲ್ಲಿ ಆ ಒಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.