ಧರ್ಮಣ್ಣನವರ ಬೆರಳು, ನಮ್ಮ ಮನೆಯ ಜೋಡುನಳಿಗೆ

ಇವತ್ತು ಬೆಳಿಗ್ಗೆ ಹೆಂಡತಿಯ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡಲು ಹೋಗಿ ಅರ್ಧ ಶೀಸೆಯನ್ನು ಬನಿಯನ್ ಮೇಲೆ ಚೆಲ್ಲಿಕೊಂಡೆ. "ಬ್ಯಾಡ ಅಂದ್ರೂ ಕೇಳಂಗಿಲ್ಲ, ಎಲ್ಲಾದರಾಗೂ ಕೈ ಹಾಕ್ತೀರಿ" ಎಂದು ಆಕೆ ಬೈದದ್ದು ನ್ಯಾಯವೇ. ಆದರೆ ನೀವೇ ಹೇಳಿ, ಆ ವಾಸನೆ ಮೂಗಿಗೆ ಬಡಿದ ಮೇಲೆ ಬೈಗುಳ ಯಾರ ಕಿವಿಗೆ ಹೋದೀತು? ನನಗೆ ಧರ್ಮಣ್ಣನವರು ನೆನಪಾದರು.

ಧರ್ಮಣ್ಣನವರ ಮನೆ ನಾನೀಗ ಇರುವ ಶಹರದ ಗಾಜಿಪುರ ಓಣಿಯಲ್ಲಿ. ಆಗ ಅವರು ಜಗತ್ ಸರ್ಕಲ್ ಹತ್ತಿರದ ಒಂದು ಬಂದೂಕಿನ ಅಂಗಡಿಯಲ್ಲಿ ದುರಸ್ತಿ ಕೆಲಸ ಮಾಡುತ್ತಿದ್ದರು. ಹೊರಗೆ ಆಟೋಗಳ ಗದ್ದಲ. ಒಳಗೆ ಇದೇ ಎಣ್ಣೆಯ ವಾಸನೆ, ಗೋಡೆಯ ಮೇಲೆ ಬುದ್ಧನ ಸಣ್ಣ ಪಟ, ಅದರ ಕೆಳಗೆ ಸಾಲಾಗಿ ಬಂದೂಕುಗಳು. ಆ ಪಟ ಅಲ್ಲಿರುವುದನ್ನು ನೋಡಿ ನನಗೆ ನಗು ಬಂದಿತ್ತು. "ನಗ್ರಿ, ನಗ್ರಿ. ಇಲ್ಲಿ ಕುಂತು ಎಷ್ಟು ಬಂದೂಕಿಗೆ 'ಇನ್ನ ಸಾಕು, ಸುಮ್ಮನ ಕೂಡು' ಅಂತ ಹೇಳೀನಿ, ಅವಂಗೇ ಗೊತ್ತು" ಅಂದಿದ್ದರು.

ನಮ್ಮದು ಕಮಲಾಪುರ. ಅಲ್ಲಿ ಕಾಕಾನ ಮನೆಯಲ್ಲಿ ನಮ್ಮಜ್ಜನ ಕಾಲದ ಜೋಡುನಳಿಗೆ ಬಂದೂಕಿತ್ತು. ಲೈಸನ್ಸು ಇದ್ದದ್ದು ಕೆಂಪುಬಾಳೆ ತೋಟಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು. ಹಂದಿಗಳು ಅದಕ್ಕೆ ಎಂದೂ ಕ್ಯಾರೇ ಅಂದವಲ್ಲ, ಆ ಮಾತು ಬೇರೆ. ಅದಕ್ಕಿದ್ದ ಖರೇ ಕೆಲಸ ವರ್ಷಕ್ಕೊಂದೇ. ದಸರೆಯಲ್ಲಿ ಆಯುಧಪೂಜೆ ಮುಗಿದ ಮೇಲೆ ಕಾಕಾ ತೋಟದ ಬದುವಿನ ಮೇಲೆ ನಿಂತು ಖಾಲಿ ಗುಡ್ಡದ ಕಡೆ ಒಂದು ಗುಂಡು ಹಾರಿಸಬೇಕು. ಆಮೇಲೇ ಓಣಿಯವರು ಬನ್ನಿ ಹಂಚಿಕೊಳ್ಳುವುದು.

ಪೂಜೆಗೆ ಮೊದಲು ಕಾಕಾನ ಹೆಂಡತಿ, ನಮ್ಮ ಕಾಕು, ಅದನ್ನು ಹುಣಸೆಹಣ್ಣು, ಬೂದಿ ಹಚ್ಚಿ ಹಿತ್ತಾಳೆ ಕೊಡ ತಿಕ್ಕಿದಂತೆ ತಿಕ್ಕುತ್ತಿದ್ದಳು. ಒಳಗೆ ಎಣ್ಣೆಯ ಅರಿವೆ ಆಡಿಸುವ ಕೆಲಸ ನನ್ನದು. ಓದಿದವನು, ನೌಕರಿಗೆ ಬೇರೆ ಸೇರಿದ್ದಾನೆ, ನಾಜೂಕಿನ ಕೆಲಸ ಇವನಿಗೇ ಇರಲಿ ಎಂದು! ಪೂಜೆಯಾದ ಮೇಲೆ ಮಾತ್ರ ನಳಿಗೆಯೊಳಗೆ ಯಾರೂ ಇಣುಕುವಂತಿರಲಿಲ್ಲ. ದೇವರೆಂದು ಕೈಮುಗಿದದ್ದರ ಹೊಟ್ಟೆಯಲ್ಲಿ ಕಣ್ಣಿಡುವುದು ಅಪಚಾರ. ಗುಂಡಿನ ತೋಟಾ ತುಂಬುವಾಗಲೂ ಕಾಕಾ ಮುಖ ಆಚೆ ತಿರುಗಿಸುತ್ತಿದ್ದ.

ನಿಮ್ಮ ಮುಂದೆ ಮುಚ್ಚಿಡುವುದೇನು? ಒಂದು ವರ್ಷ ನಾನು ಎಡನಳಿಗೆಯಲ್ಲಿ ಅರಿವೆ ತಳ್ಳುತ್ತಿದ್ದಾಗ ಅದು ನಡುವೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ಹೋಳಿಗೆ ಬಡಿಸಿದ್ದೇವೆಂದು ಕೂಗಿದರು. ಉಂಡು ಬಂದು ತೆಗೆದರಾಯಿತು ಅಂದುಕೊಂಡೆ. ಮೂರು ಹೋಳಿಗೆ, ಮೇಲೆ ತುಪ್ಪ. ನಿದ್ದೆ ತಿಳಿದೆದ್ದಾಗ ಪೂಜೆ ಮುಗಿದು ಕಾಕಾ ಬದುವಿನ ಮೇಲಿದ್ದ. ಸದ್ದು ಎಂದಿಗಿಂತ ಜೋರಾಗಿ ಬಂತು. "ಭಲೇ ಗೌಡ್ರ!" ಅಂದರು ಜನ. ಕಾಕಾ ಭುಜ ತಿಕ್ಕಿಕೊಳ್ಳುತ್ತ ಮೀಸೆ ತಿರುವಿದ. ಬಾಳೆಗಿಡಗಳ ಬುಡದಲ್ಲಿ ನನಗೆ ಸುಟ್ಟ ಅರಿವೆಯ ಚೂರು ಸಿಕ್ಕಿತು. ಕಾಲಿನಿಂದ ಮಣ್ಣು ಎಳೆದು ಮುಚ್ಚಿಬಿಟ್ಟೆ.

ಮರುವರ್ಷ ದಸರೆ ಹತ್ತಿರ ಬಂದಾಗ ಬಂದೂಕಿನ ಕೀಲು ಸಡಿಲಾಗಿದೆಯೆಂದು ಕಾಕಾ ನನ್ನನ್ನೂ ಕರೆದುಕೊಂಡು ಧರ್ಮಣ್ಣನವರ ಹತ್ತಿರ ಹೋದ. ದಾರಿಯುದ್ದಕ್ಕೂ ಹೇಳಿಬಿಡಬೇಕು ಅಂದುಕೊಂಡೆ. ನಾಲಿಗೆ ಏಳಲಿಲ್ಲ.

"ಹೆಂಗ ಹೊಳೀತದ ನೋಡ್ರಿ!" ಅಂದ ಕಾಕಾ.

"ಅದೇ ಚಿಂತಿ ರೀ ಗೌಡ್ರ. ಹಳೇ ಬಂದೂಕ ಹಿಂಗ ಹೊಳೀಬಾರದು. ಯಾರೋ ಇದರ ಚರ್ಮ ಸುಲದಾರ."

ಆಮೇಲೆ ಅವರು ನೋಡಿದ ರೀತಿ ಇದೆಯಲ್ಲ, ಏನು ಹೇಳಲಿ! ಒಂದು ತಿರುಪಿನ ತಲೆ ನೋಡಿ, ಅದನ್ನು ಅಡಿಗೆಮನೆಯ ಚಾಕುವಿನಿಂದ ಬಿಚ್ಚಿದ್ದಾರೆ ಅಂದರು. ಖರೆಯೇ ಆಗಿತ್ತು. ಬಂದೂಕನ್ನು ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸಿ ಕೀಲು ಎಷ್ಟು ಸವೆದಿದೆ ಎಂದು ತಿಳಿದುಕೊಂಡರು. ನಳಿಗೆಗಳನ್ನು ಬೇರ್ಪಡಿಸಿ ದಾರಕ್ಕೆ ತೂಗುಬಿಟ್ಟು ಕಟ್ಟಿಗೆಯ ತುಂಡಿನಿಂದ ತಟ್ಟಿದರು. ಗಟ್ಟಿ ಇದ್ದರೆ ಗಂಟೆಯ ಹಾಗೆ ನಾದ ಬರಬೇಕಂತೆ. ನಮ್ಮದು ಒಡಕು ಗಡಿಗೆಯ ಹಾಗೆ ಕರಕರ ಅಂದಿತು. ಧರ್ಮಣ್ಣನವರು ತಲೆ ಬಾಗಿಸಿ ಆ ಸದ್ದು ಪೂರ್ತಿ ನಿಲ್ಲುವವರೆಗೂ ಕೇಳಿದರು.

"ನಿಮ್ಮಪ್ಪನೋರು ಬ್ಯಾಟಿಗೆ ಹೊಂಟಾಗ ನಮ್ಮಪ್ಪ ಮುಂದ ಹಲಗಿ ಬಡಕೋತ ಹೋಗ್ತಿದ್ನಂತ ರೀ" ಅಂದರು. "ಇದರ ಸಪ್ಪಳ ಭಾಳ ಕೇಳ್ಯಾನ. ಕೈಲೆ ಮುಟ್ಟಿಲ್ಲ."

ಕಾಕಾ ನೆಲ ನೋಡಿದ. ಧರ್ಮಣ್ಣನವರ ದನಿಯಲ್ಲಿ ಸಿಟ್ಟಿರಲಿಲ್ಲ. ಆ ನಳಿಗೆಗಳನ್ನು ಅವರು ಹಸುಗೂಸನ್ನು ಎತ್ತುವಂತೆ ಎತ್ತಿ ಬೆಳಕಿಗೆ ಹಿಡಿದು ಒಳಗೆ ಕಣ್ಣಿಟ್ಟರು. ನಮ್ಮ ಮನೆಯವರು ಯಾರೂ ಮಾಡದ ಕೆಲಸ ಅದು. ಎಡನಳಿಗೆಯಿಂದ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಇದನ್ನ ಇನ್ನ ಹಾರಸಬ್ಯಾಡ್ರಿ. ನಳಿಗಿ ಒಡೀತದ."

"ಓಣಿ ಮಂದಿ ಏನಂದಾರು?" ಕಾಕಾ ಎದ್ದೇಬಿಟ್ಟ. "ನಮ್ಮಪ್ಪನ ಕಾಲದಿಂದ ಒಂದು ವರ್ಷ ತಪ್ಪಿಲ್ಲ. ಒಂದೇ ಒಂದು ಗುಂಡು ರೀ! ನೀವು ಆಗಂಗಿಲ್ಲ ಅಂದ್ರ ಹಂಗೇ ಹಾರಸ್ತೀನಿ."

ಧರ್ಮಣ್ಣನವರು ವಾದಕ್ಕಿಳಿಯಲಿಲ್ಲ. ಕಾಕಾನ ತೋರುಬೆರಳನ್ನು ಹಿಡಿದು ನಳಿಗೆಯ ಮೇಲೆ ಇಟ್ಟರು. "ಕಣ್ಣ ಮುಚ್ಚಿ ಸಾವಕಾಶ ಸರಸ್ರಿ." ಬೆರಳು ಸರಿಯಿತು, ಸರಿಯಿತು, ಒಂದು ಕಡೆ ತಾನಾಗಿ ನಿಂತಿತು. ಕಣ್ಣಿಗೆ ಕಾಣದ ಒಂದು ಉಬ್ಬು. "ಈಗ ಬಂದೂಕ ಜೋಡಸ್ತೀನಿ, ಹಾರಸೋವಾಗ ಹಿಡದಂಗ ಹಿಡೀರಿ." ಕಾಕಾ ಹಿಡಿದ. ಅವನ ಎಡ ಅಂಗೈ ಸರಿಯಾಗಿ ಆ ಉಬ್ಬಿನ ಮೇಲೇ ಕುಳಿತಿತ್ತು. ಕಾಕಾ ಬಂದೂಕು ಕೆಳಗಿಟ್ಟ.

"ಒಳಗ ಅರಿವಿ ಇದ್ದಾಗ ಗುಂಡ ಹಾರ್‍ಯಾದ" ಅಂದರು ಧರ್ಮಣ್ಣನವರು. ನನ್ನನ್ನು ಒಮ್ಮೆ ನೋಡಿದರು. ನನ್ನ ಕಿವಿ ಕಾದ ಹಂಚಾಗಿತ್ತು. "ಬಿಟ್ಟೋರು ಯಾರು ಅಂತ ಕಬ್ಬಿಣ ಹೇಳಂಗಿಲ್ಲ ಬಿಡ್ರಿ" ಅಂದು ಕೈ ಒರೆಸಿಕೊಂಡರು. ಅಂಥ ಕಣ್ಣಿಗೆ ನಾನು ಕಂಡಿರಲಿಕ್ಕಿಲ್ಲವೇ?

ಆ ದಸರೆಗೆ ಗುಂಡು ಹಾರಲಿಲ್ಲ. ಕಾಕಾ ಬದುವಿನ ಮೇಲೆ ಬರಿಗೈಲಿ ನಿಂತು, "ತಪ್ಪು ನಂದೇ, ಒಳಗ ನೋಡಲಾರದ ತೋಟಾ ತುಂಬಿದೆ" ಎಂದು ಊರಿಗೆಲ್ಲ ಹೇಳಿಕೊಂಡ. ಕೆಲವರು ಮುಸಿಮುಸಿ ನಕ್ಕರು. ನಾನು ಹಿಂದೆ ನಿಂತು ಕೇಳಿಸಿಕೊಂಡೆ. ನಾಚಿಕೆಗೇಡು ನೋಡಿ, ಹದಿನಾಲ್ಕು ವರ್ಷ ಹಾಗೇ ಕೇಳಿಸಿಕೊಂಡೆ.

ಇವತ್ತು ಇನ್ನು ತಡೆಯಲಾಗಲಿಲ್ಲ. ಎಣ್ಣೆ ಬನಿಯನ್ನಿನಲ್ಲೇ ಕಮಲಾಪುರಕ್ಕೆ ಫೋನ್ ಹಚ್ಚಿದೆ.

"ಕಾಕಾ, ಬಂದೂಕಿನಾಗ ಆ ಅರಿವಿ ಬಿಟ್ಟಾಂವ ನಾನು."

ಆ ಕಡೆ ಮಂಚ ಕಿರ್ ಅಂದಿತು, ಕಾಕಾ ಎದ್ದು ಕುಳಿತಿರಬೇಕು.

"ಧರ್ಮಣ್ಣ ಆರಾಮ ಇದ್ದಾನೇನು?" ಅಂದ.

"ಇದ್ದಾರ. ಗಾಜಿಪುರದಾಗೇ."

"ಹೋಗಿ ನನ್ನ ಶರಣು ಹೇಳು. ನನ್ನ ಮುಂದ ಅಳಬ್ಯಾಡ ಹುಚ್ಚ. ನಾ ಈಗ ಯಾವ ಕೈಲೆ ಫೋನ್ ಹಿಡದೀನಿ, ಹೇಳು ನೋಡೂಣು?"

"ನನಗೇನ ಗೊತ್ತು ಕಾಕಾ?"

"ಎಡಗೈಲೆ" ಅಂದ. "ಐದೂ ಬೆರಳು ಅದಾವ."