ಗುಡಿಯಿಲ್ಲದ ಕೆರೆಗೆ ಹೊರಟ ಪ್ರೇಮಮ್ಮ

ಪಿರಿಯಾಪಟ್ಟಣದಲ್ಲಿ ಹಗ್ಗ, ಗೋಣಿತಾಟು ಮಾರುವ ಪ್ರೇಮಮ್ಮ ಲಡಾಖಿಗೆ ಹೋಗುತ್ತಾರಂತೆ ಎಂದಾಗ ಬೀದಿಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಅರವತ್ತು ದಾಟಿದ ಹೆಂಗಸು! ಮನೆಯವರು ಕಾಶಿಗೆ ಹೋದಾಗ, ಶ್ರೀಶೈಲಕ್ಕೆ ಹೋದಾಗ ಅಂಗಡಿ ಬಿಟ್ಟು ಕದಲಿದವರಲ್ಲ. ಕದಲಲಿಲ್ಲ ಅನ್ನುವುದೂ ತಪ್ಪು, ಯಾರೂ ಕರೆಯಲೇ ಇಲ್ಲ. ಹೊಗೆಸೊಪ್ಪಿನ ಹರಾಜು ನಡೀತಾ ಇದೆ, ಹಗ್ಗ ತಾಟಿಗೆ ಗಿರಾಕಿ ಜಾಸ್ತಿ, ನೀನಿದ್ದರೆ ನಮಗೆ ನಿಶ್ಚಿಂತೆ ಎಂದು ಹೊಗಳಿ ಎಲ್ಲರೂ ಬಸ್ಸು ಹತ್ತುತ್ತಿದ್ದರು. ಇವರು ಬುತ್ತಿ ಕಟ್ಟಿಕೊಟ್ಟು ಕೈಬೀಸುತ್ತಿದ್ದರು.

"ಅಲ್ಲಿ ಯಾವ ಗುಡಿ ಅದೆ ಅಂತ ಓಯ್ತೀಯ?" ಗಂಡ ಲಿಂಗಣ್ಣ ಕೇಳಿದರು.

"ಯಾವ್ದೂ ಇಲ್ವಂತೆ. ಒಂದ್ ಕೆರೆ ಅದಂತೆ, ನೀಲಿದು."

"ಅಂಗಡಿ?"

"ನೀವಿದ್ದೀರಲ್ಲ, ಕೂತ್ಕಳಿ."

ಕೆರೆಯ ಸುದ್ದಿ ತಂದವನು ಬೈಲಕುಪ್ಪೆಯ ಟಿಬೆಟನ್ ಹುಡುಗ ನೊರ್ಬು. ಅವನಪ್ಪ ಇವರ ಅಂಗಡಿಯ ಹಳೇ ಗಿರಾಕಿ. ನೊರ್ಬು ಪ್ರತಿ ಬೇಸಿಗೆಯಲ್ಲೂ ನಮ್ಮ ಕಡೆಯವರನ್ನು ಜೀಪಿನಲ್ಲಿ ಲಡಾಖ್ ಸುತ್ತಿಸುತ್ತಾನೆ. ಒಮ್ಮೆ ಹಗ್ಗ ಕೊಳ್ಳಲು ಬಂದವನು ಫೋನಿನಲ್ಲಿ ಆ ಕೆರೆ ತೋರಿಸಿದ. ಪ್ರೇಮಮ್ಮ ಹಗ್ಗ ಅಳೆಯುವುದನ್ನು ಮರೆತು ನೋಡುತ್ತ ನಿಂತರು. ಅವತ್ತೇ ತೀರ್ಮಾನವಾಯಿತು.

ಮನಾಲಿ ದಾಟಿದ ಮೇಲೆ ಊರುಗಳು ಮುಗಿದವು, ಆಮೇಲೆ ಡಾಂಬರೂ ಮುಗಿಯಿತು. ನಾಗರಹೊಳೆಯ ಮಗ್ಗುಲಲ್ಲಿ ಬೆಳೆದವರಿಗೆ ಕಾಡೆಂದರೆ ಮರ. ಇಲ್ಲಿ ಒಂದು ಕಡ್ಡಿಯೂ ಇಲ್ಲ, ಆದರೂ ಇದು ಕಾಡೇ. ಜೀಪಿನ ಪಕ್ಕದಲ್ಲೇ ಕಾಡುಕತ್ತೆಗಳು ಧೂಳೆಬ್ಬಿಸಿ ಓಡಿದಾಗ ಪ್ರೇಮಮ್ಮ ಚಿಕ್ಕ ಹುಡುಗಿಯಂತೆ ಕಿಟಕಿಗೆ ಅಂಟಿಕೊಂಡರು.

ಆದರೆ ಕೊನೆಯ ಬಿಡಾರ ತಲುಪುವಷ್ಟರಲ್ಲಿ ತಲೆ ಸಿಡಿಯತೊಡಗಿತು. ಗುಡಾರದ ಹಿಂದೆ ವಾಂತಿ ಮಾಡಿಕೊಳ್ಳುತ್ತಿದ್ದುದನ್ನು ನೊರ್ಬು ಕಂಡ.

"ಅಮ್ಮ, ಬೆಳಿಗ್ಗೆಯಿಂದ ಎಷ್ಟ್ ನೀರ್ ಕುಡುದ್ರಿ?"

"ಇನ್ನೂ ಪೂಜೆ ಆಗಿಲ್ಲ ಕಣಪ್ಪ, ಯೆಂಗ್ ಕುಡೀಲಿ?" ಎಂದರು ಪ್ರೇಮಮ್ಮ. ಇಷ್ಟು ಎತ್ತರದಲ್ಲಿ ಎದ್ದ ಕೂಡಲೇ ನೀರು ಕುಡಿಯಬೇಕು, ದಾರಿಯುದ್ದಕ್ಕೂ ಕುಡಿಯುತ್ತಿರಬೇಕು ಎಂದು ಅವನು ಮೊದಲೇ ಹೇಳಿದ್ದ. ಆದರೆ ಇವರು ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ತುಟಿಗೆ ಹನಿ ಸೋಕಿಸಿದವರಲ್ಲ. ಈ ಚಳಿಯಲ್ಲಿ ಬಿಸಿನೀರು ಸಿಗುವ ಹೊತ್ತಿಗೆ ಜೀಪು ಹೊರಡುತ್ತಿತ್ತು. ಅವತ್ತು ಒಂದು ಹನಿಯೂ ಗಂಟಲಿಗೆ ಇಳಿದಿರಲಿಲ್ಲ.

"ಕುಡುದ್ಬುಡಿ ಅಮ್ಮ. ದೇವ್ರು ಏನೂ ಅನ್ಕಳಲ್ಲ."

"ನನ್ ದೇವ್ರು ಏನ್ ಅನ್ಕತಾನೆ ಅಂತ ನಿಂಗ್ಯಾರಪ್ಪ ಯೋಳ್ದೋರು?" ತಲೆನೋವಲ್ಲೂ ಅವರ ಬಾಯಿ ಜೋರಾಗಿಯೇ ಇತ್ತು.

"ಸರಿ ಬುಡಿ. ನಾಳೆ ಬೆಳಿಗ್ಗೆಗೂ ಇಂಗೇ ಇದ್ರೆ ಇನ್ನೊಂದು ಜೀಪಲ್ಲಿ ಲೇಹ್‌ಗೆ ಇಳುಸ್ತೀನಿ. ಕೆರೆ ಇಲ್ಲ."

ಪ್ರೇಮಮ್ಮನಿಗೆ ಅಳು ಬಂತು. ಜೀವಮಾನದಲ್ಲಿ ತನಗೆಂದು ಹತ್ತಿದ ಒಂದೇ ಒಂದು ಗಾಡಿ. ಇಲ್ಲಿಂದಲೂ ವಾಪಸ್ಸು ಕಳಿಸಿದರೆ ಆ ಅಂಗಡಿಯಲ್ಲಿ ಹೇಗೆ ಕೂರುವುದು? ಕಣ್ಣೊರೆಸಿಕೊಂಡಾಗ ಅವ್ವ ನೆನಪಾದಳು. ಜ್ವರ ಬಂದು ಮಲಗಿದಾಗ ಅವ್ವ ಸ್ನಾನದ ಬದಲು ಮೈಗೆಲ್ಲ ವಿಭೂತಿ ಹಚ್ಚಿಕೊಂಡು, ಹಾಸಿಗೆಯಲ್ಲೇ ಪೂಜೆ ಮಾಡುತ್ತಿದ್ದಳು. ಲಿಂಗಕ್ಕೆರೆದ ನೀರೇ ಅವಳ ಮೊದಲ ಗುಟುಕು.

"ನೊರ್ಬು, ಒಂದ್ ಫ್ಲಾಸ್ಕ್ ಬಿಸ್ನೀರ್ ಕೊಡು. ತುಂಬ ಕೊಡು."

ಕಂಬಳಿ ಹೊದ್ದು, ವಿಭೂತಿ ಬಳಿದುಕೊಂಡು, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡರು. ದಿನಾ ಎರೆಯುವುದು ಒಂದು ಉದ್ಧರಣೆ ನೀರು. ಅವತ್ತು ಲಿಂಗದ ಮೇಲೆ ಫ್ಲಾಸ್ಕನ್ನೇ ಬಗ್ಗಿಸಿ, ಕೆಳಗಿಟ್ಟ ಬಟ್ಟಲು ತುಂಬಿದಂತೆಲ್ಲ ಕಣ್ಣಿಗೊತ್ತಿಕೊಂಡು ಕುಡಿದರು. ಬೆಳಕು ಹರಿಯುತ್ತಲೇ ಎದ್ದು ಕೂತು ಅದೇ ರೀತಿ ಮತ್ತೊಂದು ಫ್ಲಾಸ್ಕ್ ಮುಗಿಸಿದರು.

ನೊರ್ಬು ಬಂದು ನೋಡಿದಾಗ ಹಣೆ, ತೋಳು, ಕತ್ತೆಲ್ಲ ಬೆಳ್ಳಗೆ ಮಾಡಿಕೊಂಡು ಪ್ರೇಮಮ್ಮ ಬೂಟಿನ ದಾರ ಕಟ್ಟುತ್ತಿದ್ದರು.

"ತಲೆನೋವು?"

"ಓಯ್ತು. ನಿನ್ ಲೇಹ್ ಜೀಪ್‌ಗೆ ಬ್ಯಾರೆಯೋರ್ನ ನೋಡ್ಕೊ."

ಅವರ ನಡಿಗೆ, ಉಸಿರು ಎಲ್ಲ ನೋಡಿಯೇ ಅವನು ಜೀಪು ಹತ್ತಿಸಿದ್ದು.

ಕೆರೆ ಫೋನಿನಲ್ಲಿ ಕಂಡದ್ದಕ್ಕಿಂತ ದೊಡ್ಡದಿತ್ತು. ಜೀಪಿನ ಉಳಿದವರು ಫೋಟೊಗೆ ನಿಂತರು. ಪ್ರೇಮಮ್ಮ ಒಬ್ಬರೇ ನೀರಿನಂಚಿಗೆ ಹೋಗಿ, ಎಲ್ಲರಿಗೂ ಬೆನ್ನು ಮಾಡಿ, ಸೆರಗಿನ ಮರೆಯಲ್ಲಿ ಕರಡಿಗೆ ಬಿಚ್ಚಿದರು. ಲಿಂಗವನ್ನು ಅಂಗೈಲಿಟ್ಟು ಕೆರೆಯ ಕಡೆ ಹಿಡಿದರು.

"ನೋಡ್ಕಳಪ್ಪ," ಎಂದರು. "ನೀನೂ ಪಾಪ, ನನ್ ಜೊತೆ ಅಂಗಡೀಲೇ ಕೂತಿದ್ದೆ."