ಅಕ್ಕ ಬರೆಯದ ಪರೀಕ್ಷೆ

ಮೊಮ್ಮಗಳು ಪಲ್ಲವಿ ಮುಖಕ್ಕೆಲ್ಲ ಮುಲ್ತಾನಿ ಮಣ್ಣು ಮೆತ್ತಿಕೊಂಡು ಫ್ಯಾನಿನ ಕೆಳಗೆ ಕೂತಿದ್ದಳು. ಮಾತಾಡಿದರೆ ಮಣ್ಣು ಬಿರುಕು ಬಿಡುತ್ತದಂತೆ, ಅದಕ್ಕೇ ಏನು ಕೇಳಿದರೂ ಕೈಸನ್ನೆಯಲ್ಲೇ ಉತ್ತರ. ಒಂಬತ್ತನೇ ತರಗತಿಯ ಹುಡುಗಿ ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವುದು ನಮ್ಮ ಮನೆಯಲ್ಲಿ ಹಬ್ಬವಿದ್ದಂತೆ. ಆದರೂ ಪುಸ್ತಕ ಹಿಡಿಯುವ ವೇಳೆಯಲ್ಲಿ ಇದೆಂಥ ಶೃಂಗಾರ ಎಂದು ನಾಲ್ಕು ಮಾತು ಅನ್ನಲು ಹತ್ತಿರ ಹೋದೆ. ಹಸಿಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಅನ್ನಬೇಕಾದದ್ದೆಲ್ಲ ಮರೆತುಹೋಯಿತು. ಅದು ನನ್ನ ಅಕ್ಕ ಚಂದಮ್ಮನ ತಖ್ತಿಯ ವಾಸನೆ.

ತಖ್ತಿ ಎಂದರೆ ಹಿಡಿಕೆಯಿರುವ ಮರದ ಹಲಗೆ. ನಿಜಾಮರ ಕಾಲದ ಉರ್ದು ಶಾಲೆಗಳಲ್ಲಿ ಅದಕ್ಕೆ ಬಿಳಿಮಣ್ಣು ಬಳಿದು, ಬಿಸಿಲಿಗಿಟ್ಟು ಒಣಗಿಸಿ, ಜೊಂಡಿನ ಲೇಖನಿಯನ್ನು ಮಸಿಯಲ್ಲಿ ಅದ್ದಿ ಬರೆಯುತ್ತಿದ್ದರು. ಆ ಮಣ್ಣು ಮುಲ್ತಾನದಿಂದ ಬರುತ್ತಿತ್ತೋ ನಮ್ಮ ಹಳ್ಳದಿಂದ ಬರುತ್ತಿತ್ತೋ ನನಗೆ ತಿಳಿಯದು. ಅದನ್ನು ಮುಖಕ್ಕೆ ಹಚ್ಚಿಕೊಳ್ಳಬಹುದೆಂದು ಆಗ ಗೊತ್ತಿದ್ದರೆ ಅಕ್ಕ ತಖ್ತಿಗೆ ಬಿಡುತ್ತಿದ್ದಳೋ ಇಲ್ಲವೋ, ಅದೂ ತಿಳಿಯದು.

ಈಗ ನಮ್ಮ ಮನೆಯಲ್ಲಿ ನಡೆದಿರುವ ಗದ್ದಲವನ್ನು ನಿಮಗೆ ಹೇಳಿಬಿಡಬೇಕು. ಪಲ್ಲವಿ ಕಲಿಯುತ್ತಿರುವುದು ಸುರಪುರದ ಸರಕಾರಿ ಶಾಲೆಯಲ್ಲಿ. ಚೆನ್ನಾಗಿಯೇ ಕಲಿಯುತ್ತಾಳೆ. ಆದರೆ ನನ್ನ ಮಗನ ತಲೆಯಲ್ಲಿ ಯಾದಗಿರಿಯ ಒಂದು ಖಾಸಗಿ ಶಾಲೆ ಹೊಕ್ಕಿದೆ. ಅಲ್ಲೇ ಕಾಲೇಜೂ ಇದೆಯಂತೆ, ಈಗಲೇ ಸೇರಿಕೊಂಡರೆ ಮುಂದೆ ಸೀಟಿನ ಚಿಂತೆಯಿಲ್ಲವಂತೆ. ಒಂದೇ ತೊಡಕು, ಆ ಶಾಲೆಯವರ ಷರತ್ತು. ಇಲ್ಲಿಯ ವಾರ್ಷಿಕ ಪರೀಕ್ಷೆಗೆ ಕೂಡದೆ ತಕ್ಷಣ ಬರಬೇಕು, ಬಂದು ಮತ್ತೊಮ್ಮೆ ಒಂಬತ್ತನೇ ತರಗತಿಯಲ್ಲಿ ಕೂಡಬೇಕು. "ಒಂದು ವರ್ಷ ಹೋದ್ರ ಹೋಗಲಿ ಬಿಡವ್ವಾ, ಪಾಯ ಗಟ್ಟಿ ಆಗ್ತದ" ಎಂದ ಮಗ. ಜೀವನವಿಡೀ ಮಾಸ್ತರಿಕೆ ಮಾಡಿದವಳೆಂಬ ಗತ್ತಿನಲ್ಲಿ ನಾನೂ ಸರಕಾರಿ, ಖಾಸಗಿ, ಕಾಲೇಜು ಎಂದು ಒಂದು ತಾಸು ಭಾಷಣ ಬಿಗಿದು ಕೊನೆಗೆ ಹ್ಞೂ ಅಂದುಬಿಟ್ಟೆ. ಹುಡುಗಿ ಏನೂ ಅನ್ನಲಿಲ್ಲ. ಆಗ ಅವಳ ಮುಖಕ್ಕೆ ಮಣ್ಣೂ ಇರಲಿಲ್ಲ.

ನಿಜಾಮರ ಆಳ್ವಿಕೆ ಮುಗಿದು ನಾವೆಲ್ಲ ಇಂಡಿಯಾಕ್ಕೆ ಸೇರಿದ ಹೊಸತು. ಸೇರುವುದೆಂದರೆ ಬಾವುಟ ಬದಲಾಗುವುದೆಂದು ನಾವು ಮಕ್ಕಳು ತಿಳಿದಿದ್ದೆವು. ಬದಲಾದದ್ದು ಮನೆಯೊಳಗಿನ ಸಂಗತಿಗಳು. ನಮ್ಮಪ್ಪ ಸುರಪುರದ ತಹಸೀಲ ಕಚೇರಿಯ ಮುಂದೆ ಚಾಪೆ ಹಾಸಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದ. ಎಲ್ಲ ಉರ್ದುವಿನಲ್ಲಿ. ಅವನ ಅಕ್ಷರ ಎಷ್ಟು ಅಂದವೆಂದರೆ, ತಕರಾರು ಓದುವ ಮೊದಲು ಸಾಹೇಬರು ಬರಹವನ್ನೇ ನೋಡುತ್ತಾರೆಂದು ಜನ ಹೇಳುತ್ತಿದ್ದರು. ಇಂಥವನು ಹಿರಿ ಮಗಳನ್ನು ಸರಕಾರಿ ಉರ್ದು ಶಾಲೆಗೆ ಹಾಕಿದ್ದರಲ್ಲಿ ಆಶ್ಚರ್ಯವೇನು? ಅಕ್ಕ ಅಲ್ಲಿ ಆರನೇ ಜಮಾತು, ಅಂದರೆ ಆರನೇ ತರಗತಿ ಮುಗಿಸಿದಳು, ಎಲ್ಲರಿಗಿಂತ ಮುಂದಿದ್ದಳು. ಅಷ್ಟರಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದ ಉಸ್ತಾನಿ ಊರು ಬಿಟ್ಟು ಹೋದರು. ಮುಂದಿನ ಉರ್ದು ಜಮಾತಿಗೆ ಕಲಬುರಗಿಗೇ ಹೋಗಬೇಕು. ಹದಿಮೂರರ ಹುಡುಗಿಯನ್ನು ಕಲಬುರಗಿಗೆ ಕಳಿಸುವ ಎದೆಗಾರಿಕೆ ನಮ್ಮ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ಉಳಿದದ್ದು ಊರಿಗೆ ಅಂಟಿಕೊಂಡ ರಂಗಂಪೇಟೆಯ ಖಾಸಗಿ ಕನ್ನಡ ಶಾಲೆ. ಊರಿನ ನೇಕಾರರೂ ವ್ಯಾಪಾರಸ್ಥರೂ ಕೂಡಿ, ನೂಲಿಗೆ ಬಣ್ಣ ಹಾಕುತ್ತಿದ್ದ ಒಂದು ಹಳೇ ಮನೆಯಲ್ಲಿ ಅದನ್ನು ತೆರೆದಿದ್ದರು. ಗೋಡೆಯ ಮೇಲೆ ಕೆಂಪು, ನೀಲಿ ಕಲೆಗಳು ಹಾಗೇ ಇದ್ದವು. ಹೆಡ್‌ಮಾಸ್ತರರು ಹೊಳೆಯಾಚೆ ವಿಜಾಪುರದ ಕಡೆಯವರು, ಬೆಳ್ಳಗೆ ಒಗೆದ ಧೋತರದ, ಜೋರು ದನಿಯ ಮನುಷ್ಯ. ನಾನು ಅಲ್ಲೇ ಮೂರನೇ ತರಗತಿಯಲ್ಲಿದ್ದೆ. ಅಪ್ಪ ಅಕ್ಕನನ್ನು ಕರೆದುಕೊಂಡು ಬಂದ ದಿನ ಹೆಡ್‌ಮಾಸ್ತರರು ಬಾಯಿಲೆಕ್ಕ ಕೇಳಿದರು, ಭೂಗೋಳ ಕೇಳಿದರು. ಅಕ್ಕ ಪಟಪಟನೆ ಹೇಳಿದಳು. ಆಮೇಲೆ ಪಾಟಿ ಕೊಟ್ಟು ಹೆಸರು ಬರೆಯಲು ಹೇಳಿದರು. ಅವಳು ಬಲದಿಂದ ಎಡಕ್ಕೆ ಬರೆಯುವ ಉರ್ದುವಿನ ರೂಢಿಯಲ್ಲೇ ಬಳಪವನ್ನು ಪಾಟಿಯ ಬಲತುದಿಗೆ ಊರಿ, ನನ್ನನ್ನು ನೋಡಿ ಕಲಿತಿದ್ದ ಒಂದೆರಡು ಅಕ್ಷರದಲ್ಲಿ 'ಚಂ' ಎಂದು ಬರೆದಳು. ಮುಂದಿನ ಅಕ್ಷರಕ್ಕೆ ಆ ಬದಿಯಲ್ಲಿ ಜಾಗವಿರಲಿಲ್ಲ. ಇಡೀ ಶಾಲೆ ಗೊಳ್ಳೆಂದಿತು. ನಾನೂ ನಕ್ಕೆನೋ ಏನೋ, ಚಿಕ್ಕವಳು, ಎಲ್ಲರೂ ನಕ್ಕಾಗ ನಗುವ ವಯಸ್ಸು.

"ಶ್ಯಾಣ್ಯಾ ಹುಡುಗಿ ಇದ್ದಾಳ್ರಿ," ಎಂದರು ಹೆಡ್‌ಮಾಸ್ತರರು. "ಆದ್ರ ಅಕ್ಷರ ಇಲ್ಲ. ಸದ್ಯ ಮೂರನೆತ್ತ್ಯಾಗ ಕೂಡ್ಲಿ."

"ಆರು ಜಮಾತ್ ಕಲಿತಾಕಿ ಮೂರನೆತ್ತ್ಯಾಗ ಕೂಡಬೇಕೇನ್ರಿ?" ಅಪ್ಪನ ಮುಖ ಕಪ್ಪಿಟ್ಟಿತು.

ಅಕ್ಕನೇ ಹೋಗಿ ನನ್ನ ಪಕ್ಕದಲ್ಲಿ ಕೂತಳು. "ಸರಿ ಬೇ, ಜಾಗಾ ಬಿಡು" ಎಂದಳು. ಅವಳ ಮೊಣಕಾಲು ಮುಂದಿನ ಸಾಲಿನವರ ಬೆನ್ನಿಗೆ ತಾಗುತ್ತಿತ್ತು.

ಸಂಜೆ ಮನೆಯಲ್ಲಿ ನಾನು ಗುರು, ಅವಳು ಶಿಷ್ಯೆ. ಎಂಟು ವರ್ಷದವಳ ಗರ್ವ ಕೇಳಬೇಕೆ? ಒತ್ತಕ್ಷರ ತಪ್ಪಿದರೆ ಕಿವಿ ಹಿಂಡುತ್ತಿದ್ದೆ. ಅವಳು ಅದೇ ತಖ್ತಿಗೆ ಮಣ್ಣು ಬಳಿದು ಅದೇ ಜೊಂಡಿನ ಲೇಖನಿಯಿಂದ ಕನ್ನಡ ತಿದ್ದುತ್ತಿದ್ದಳು. ಸ್ವಲ್ಪ ದಿನಕ್ಕೆ ಅಪ್ಪನೂ ಕಂದೀಲಿನ ಹತ್ತಿರ ಸರಿದು ಕೂಡತೊಡಗಿದ. ಕಚೇರಿಯಲ್ಲಿ ಕನ್ನಡ ಅರ್ಜಿ ಕೇಳತೊಡಗಿದ್ದರು, ಅಪ್ಪನ ಚಾಪೆಯ ಮುಂದಿನ ಜನ ಆಚೆ ಚಾಪೆಗೆ ಹೋಗತೊಡಗಿದ್ದರು. ಅಷ್ಟು ಚೆಂದದ ಅಕ್ಷರದ ಮನುಷ್ಯ ಮಗಳ ಹತ್ತಿರ 'ಅ' ಕಲಿಯುವುದನ್ನು ಅವ್ವ ಬಾಗಿಲ ಮರೆಯಿಂದ ನೋಡಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಗ ನನಗೆ ಅದು ಹೊಗೆಯಿಂದ ಅನಿಸುತ್ತಿತ್ತು.

ಚಳಿಗಾಲ ಕಳೆಯುವ ಹೊತ್ತಿಗೆ ಅಕ್ಕ ನನ್ನನ್ನು ಹಿಂದೆ ಹಾಕಿದ್ದಳು. ಹೆಡ್‌ಮಾಸ್ತರರು ಅವಳಿಗೆ ಮೇಲಿನ ತರಗತಿಯ ಪಾಠಗಳನ್ನೂ ಕೊಡುತ್ತಿದ್ದರು. "ವಾರ್ಷಿಕ ಪರೀಕ್ಷಾ ಒಂದ್ ಆಗ್ಲಿ ಚಂದಮ್ಮಾ, ನಿನ್ನ ಸೀದಾ ಆರನೆತ್ತಿಗೆ ಏರಸ್ತೀನಿ" ಎಂದಿದ್ದರು. ಆಮೇಲೆ ಏಳನೆತ್ತಿ, ಆಮೇಲೆ ದೊಡ್ಡ ಶಾಲೆ, ಆಮೇಲೆ ಕಲಬುರಗಿಯ ಕಾಲೇಜು. ನೀರಿಗೆ ಹೋಗುವಾಗ ಅಕ್ಕ ನನಗೆ ಇದನ್ನೆಲ್ಲ ಹೇಳುತ್ತಿದ್ದಳು. ಕಾಲೇಜು ಅಂದರೇನೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅಲ್ಲಿ ಮೊಣಕಾಲು ಮಡಚಿ ಕೂಡುವ ಹಾಗಿಲ್ಲ, ಎಲ್ಲರಿಗೂ ಕುರ್ಚಿ ಇರುತ್ತದೆ ಎನ್ನುತ್ತಿದ್ದಳು ಅಕ್ಕ.

ಅಷ್ಟರಲ್ಲಿ ಶಹಾಪುರದಿಂದ ಸಂಬಂಧ ಬಂತು. ಒಳ್ಳೆಯ ಮನೆತನ, ಹುಡುಗ ಅಂಗಡಿ ನೋಡಿಕೊಳ್ಳುತ್ತಿದ್ದ, ಕಲಿತ ಹುಡುಗಿಯೇ ಬೇಕೆಂದಿದ್ದ. ಅಪ್ಪ ಎದೆ ಉಬ್ಬಿಸಿ "ನಮ್ಮಾಕಿ ಆರು ಜಮಾತ್ ಪಾಸ್ ಆಗ್ಯಾಳ್ರಿ" ಎಂದ. ಮಾತುಕತೆಯಾಯಿತು. ಅವರೇನೂ ಅವಸರ ಮಾಡಲಿಲ್ಲ, ಬೇಸಿಗೆಗೆ ಮದುವೆ ಎಂದರು. ಅವಸರ ಮಾಡಿದ್ದು ನಮ್ಮಪ್ಪ. ಯಾಕೆ ಗೊತ್ತೆ? ಪರೀಕ್ಷೆಗೆ ಹೆದರಿ. ಮಗಳು ನಪಾಸಾದಾಳೆಂದಲ್ಲ, ಪಾಸಾದಾಳೆಂದು!

ಸುದ್ದಿ ಕೇಳಿ ಹೆಡ್‌ಮಾಸ್ತರರು ನಮ್ಮ ಮನೆಗೇ ಬಂದರು. ಕಟ್ಟೆಯ ಮೇಲೆ ಕೂತು, ಕೊಟ್ಟ ಚಹಾ ಮುಟ್ಟದೆ, "ಪರೀಕ್ಷಾ ಮುಗಿಯೂತನಕ ತಡೀರಿ. ನಿಮ್ಮ ಕೈ ಮುಗೀತೀನಿ" ಎಂದರು.

"ಮಾಸ್ತರ್ರ, ನೀವು ತಿಳೀರಿ," ಎಂದ ಅಪ್ಪ. "ಇವತ್ತ ಅಕಿ ಆರನೇ ಜಮಾತ್ ಆದಾಕಿ. ನಿಮ್ಮ ಪರೀಕ್ಷಾದಾಗ ಪಾಸಾದ್ಲಂದ್ರ ಕಾಗದದ ಮ್ಯಾಲ ಏನ್ ಬರೀತೀರಿ? ಮೂರನೆತ್ತಿ ಪಾಸ್ ಅಂತ. ಬೀಗರ ಮುಂದ ಆರು ಅಂದೀನಿ. ಆರು ಇದ್ದದ್ದು ಮೂರು ಆದ್ರ ನನ್ನ ಮಾತು ಏನಾಗ್ಬೇಕ್ರಿ?"

"ಆರನೆತ್ತಿಗೆ ಏರಸ್ತೀನಿ ಅಂದೀನಲ್ರಿ!"

"ಏರಸೂದು ಆಮ್ಯಾಲಿನ ಮಾತು. ಮದಲ ಇಳಸ್ತೀರಿ."

ಹೆಡ್‌ಮಾಸ್ತರರು ಧೋತರ ಕೊಡವಿಕೊಂಡು ಎದ್ದು ಹೋದರು. ಕಲಿತದ್ದೆಲ್ಲ ಒಂದು ವರ್ಷದಲ್ಲಿ ಬೆಲೆ ಕಳೆದುಕೊಂಡ ಅಪ್ಪ, ಮಗಳ ಆರು ಜಮಾತಾದರೂ ಉಳಿಯಲಿ ಎಂದು ಒದ್ದಾಡುತ್ತಿದ್ದನೆಂದು ಈಗ ನನಗೆ ಅರ್ಥವಾಗುತ್ತದೆ. ಅರ್ಥವಾದರೂ ಸಿಟ್ಟು ಹೋಗಿಲ್ಲ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು, ಇನ್ನೂ ಹೋಗಿಲ್ಲ. ಮಾತು ನಡೆದಷ್ಟು ಹೊತ್ತೂ ಅಕ್ಕ ಒಳಗೆ ಅಕ್ಕಿ ಆರಿಸುತ್ತಿದ್ದಳು. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಪರೀಕ್ಷೆಯ ಹೊತ್ತಿಗೆ ಅವಳು ಶಹಾಪುರದಲ್ಲಿದ್ದಳು. ನಾನು ಒಬ್ಬಳೇ ಕೂತು ಬರೆದೆ, ಪಾಸಾದೆ, ಮುಂದೆ ಕಲಬುರಗಿಯ ಕಾಲೇಜಿಗೂ ಹೋದೆ. ಅಲ್ಲಿ ಬೆಂಚುಗಳಿದ್ದವು. ಮೊದಲ ದಿನ ಅವನ್ನು ನೋಡಿ ಅಳು ಬಂತು.

ಮಣ್ಣಿನ ವಾಸನೆ ಎಬ್ಬಿಸಿದ ಇಷ್ಟನ್ನೂ ಹೊತ್ತುಕೊಂಡು ಸುಮ್ಮನೆ ಕೂಡಲಾಗಲಿಲ್ಲ. ಮರುದಿನ ಬೆಳಿಗ್ಗೆ ಸೊಸೆಯ ಮೊಬೈಲು ತೆಗೆದುಕೊಂಡು ಶಹಾಪುರಕ್ಕೆ ಫೋನು ಹಚ್ಚಿದೆ. ಅಕ್ಕನಿಗೆ ಈಗ ಕಿವಿ ಮಂದ, ಬುದ್ಧಿ ಮಾತ್ರ ಚೂಪು. ಕುಶಲ ಕೇಳಿದ್ದಾಯಿತು, ಮಂಡಿನೋವಿನ ಮಾತಾಯಿತು. ಆಮೇಲೆ ಇಷ್ಟು ವರ್ಷ ಕೇಳದ್ದನ್ನು ಕೇಳಿದೆ.

"ಅಕ್ಕಾ, ಹೆಡ್‌ಮಾಸ್ತರ್ರು ಮನಿಗೆ ಬಂದ ದಿನ ಯಾರರೆ ನಿನ್ನ ಕೇಳಿದ್ರ ಏನಂತಿದ್ದಿ? ಕಾಲೇಜಿಗೆ ಹೋಗ್ತೀನಿ ಅಂತಿದ್ದೇನು?"

ಅವಳ ಮಂದ ಕಿವಿಗೆ ಇದನ್ನು ಎರಡು ಸಲ ಕೂಗಿ ಹೇಳಬೇಕಾಯಿತು.

"ಕಾಲೇಜು ಗೀಲೇಜು ಬಿಡು ಬೇ. ಪರೀಕ್ಷಾ ಬರೀತಿದ್ದೆ. ಅಷ್ಟ." ಹಿಂದೆಯೇ, "ಅವತ್ತ ಆ ಪರೀಕ್ಷಾದ ಲೆಕ್ಕದಾಗ ಏನ್ ಕೇಳಿದ್ರು? ಮೊದಲನೇ ಸಲ ತವರಿಗೆ ಬಂದಾಗ ಕೇಳಬೇಕಂದ್ಕೊಂಡಿದ್ದೆ. ಕೇಳಾಕ ನಾಚಿಕಿ ಬಂತು" ಎಂದಳು.

ಏನು ಕೇಳಿದ್ದರೋ ನನಗೆಲ್ಲಿ ನೆನಪು? ಬಾಯಿಗೆ ಬಂದದ್ದನ್ನು ಹೇಳಿದೆ. "ಒಂದು ಮಗ್ಗದಾಗ ದಿನಕ್ಕ ಮೂರು ಸೀರಿ. ಏಳು ಮಗ್ಗದಾಗ ನಾಕು ದಿನಕ್ಕ ಎಷ್ಟು?"

"ದಿನಕ್ಕ ಮೂರು ಸೀರಿ ನೇಯೋ ಮಗ್ಗ ಎಲ್ಲೈತಿ ಬೇ?" ಎಂದು ಅಕ್ಕ ನಕ್ಕಳು. ನಾನು ಸುಳ್ಳು ಹೇಳಿದ್ದು ಅವಳಿಗೆ ಗೊತ್ತಾಗಿತ್ತು. ಆದರೂ ಲೆಕ್ಕ ಬಿಡಲಿಲ್ಲ. "ಸಾತ್ ತಿಯಾ ಇಕ್ಕೀಸ್... ಇಕ್ಕೀಸ್ ಚೌಕ್..." ಎಂದು ಉರ್ದುವಿನಲ್ಲಿ ಗುಣಿಸುವುದು ಫೋನಿನಲ್ಲಿ ಸಣ್ಣಗೆ ಕೇಳಿಸಿತು. "ಎಂಬತ್ನಾಕು. ಬರೋಬ್ಬರಿ ಐತೇನು?"

"ಬರೋಬ್ಬರಿ ಅಕ್ಕಾ."

ಹೊರಗೆ ಮಗ ಬೈಕು ಚಾಲೂ ಮಾಡುತ್ತಿದ್ದ. ಪಲ್ಲವಿಯ ವರ್ಗಾವಣೆ ಪತ್ರ ತರಲು ಶಾಲೆಗೆ ಹೊರಟಿದ್ದ. ಫೋನು ಕಿವಿಗೆ ಹಿಡಿದುಕೊಂಡೇ ಅಂಗಳಕ್ಕೆ ಹೋಗಿ ಬೈಕಿನ ಕೀಲಿ ಕಿತ್ತುಕೊಂಡೆ. "ಪರೀಕ್ಷಾ ಮುಗೀಲಿ. ಆಮ್ಯಾಲ ಅಕಿನ್ನ ಕೇಳು, ಎಲ್ಲಿ ಕಲೀತಿ ಅಂತ."

"ಯಾಕವ್ವಾ, ನಿನ್ನಿ ನೀನಽ ಹ್ಞೂ ಅಂದಿದ್ದಿ?"

ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಆ ಕಡೆಯಿಂದ ಅಕ್ಕ ಗಟ್ಟಿಯಾಗಿ ಕೇಳುತ್ತಿದ್ದಳು: "ಹಲೋ, ಎಲ್ಲಿ ಹೋದಿ ಬೇ? ಎರಡನೇ ಲೆಕ್ಕ ಹೇಳು."